ಒಣ ಕಾಲುವೆಯ ಮೇಲಿಟ್ಟ ಗುರುತು

ಕಾಯಿಲೆಗಳಲ್ಲೂ ಮರ್ಯಾದಸ್ಥ ಕಾಯಿಲೆ, ಮರ್ಯಾದೆಗೆಟ್ಟ ಕಾಯಿಲೆ ಎಂದು ಎರಡು ಬಗೆ. ಹೃದಯದ ತೊಂದರೆ ಬಂದವನು ಎದೆಯ ಮೇಲೆ ಕೈಯಿಟ್ಟು ನಾಲ್ಕು ಜನರ ನಡುವೆ ಹೇಳಿಕೊಳ್ಳಬಹುದು. ಕೇಳಿದವರು ನಿಟ್ಟುಸಿರು ಬಿಡುತ್ತಾರೆ. ಸಕ್ಕರೆ ಕಾಯಿಲೆಯವನಿಗಂತೂ ಮದುವೆ ಮನೆಯಲ್ಲಿ ಪ್ರತ್ಯೇಕ ಉಪಚಾರವೇ ಉಂಟು. ನನಗೆ ಬಂದದ್ದು ಎರಡನೆಯ ಬಗೆಯದು. ಅದು ಬೀಡುಬಿಟ್ಟ ಜಾಗ ಎಂಥದೆಂದರೆ, ಮನುಷ್ಯ ಅದರ ಮೇಲೆ ಕೂತುಕೊಳ್ಳುತ್ತಾನೆಯೇ ಹೊರತು ಅದರ ಬಗ್ಗೆ ಮಾತಾಡುವುದಿಲ್ಲ. ಆದರೂ ಬರೆಯುತ್ತಿದ್ದೇನೆ. ನನ್ನ ಹಾಗೆ ಬಾಯಿ ಮುಚ್ಚಿಕೊಂಡು ಕೂತವರು ಯಾದಗಿರಿ, ಶಹಾಪುರ, ಸುರಪುರದ ಸೀಮೆಯಲ್ಲಿ ಇನ್ನೂ ಇರಬಹುದು. ನೀವು ಒಬ್ಬರೇ ಅಲ್ಲ ಎಂದು ಅವರಿಗೆ ಯಾರಾದರೂ ಹೇಳಬೇಕಲ್ಲ.

ಆಗ ಕಾಲುವೆಯ ಕಾಲ. ಕೃಷ್ಣೆಯ ನೀರು ನಮ್ಮ ಕಡೆ ಬಂದು ಕೆಲವೇ ವರ್ಷಗಳಾಗಿದ್ದವು. ಜೋಳ, ತೊಗರಿ ಬಿತ್ತುತ್ತಿದ್ದ ಕಪ್ಪು ನೆಲದಲ್ಲಿ ಜನ ಮೊಣಕಾಲುದ್ದ ಕೆಸರು ಮಾಡಿ ಭತ್ತ ನಾಟಿ ಮಾಡತೊಡಗಿದ್ದರು. ನಾನು ಶಹಾಪುರದ ಕಾಲುವೆ ಕಚೇರಿಯೊಂದರಲ್ಲಿ ಹೆಡ್ ಕ್ಲರ್ಕ್. ಮನೆ ರಂಗಂಪೇಟೆಯಲ್ಲಿ, ದಿನವೂ ಬಸ್ಸಿನಲ್ಲಿ ಓಡಾಟ. ನೀರು ಬಾರದವರ ಅರ್ಜಿಗಳಿಗೆ ಉತ್ತರ ಬರೆಯುವುದು ನನ್ನ ಮುಖ್ಯ ಕರ್ತವ್ಯ. ಕಾಲುವೆಯ ಮೇಲ್ಭಾಗದವರು ತಮ್ಮ ತೂಬುಗಳನ್ನು ಹಗಲೂ ರಾತ್ರಿಯೂ ತೆರೆದಿಟ್ಟುಕೊಂಡು ಭತ್ತ ಬೆಳೆಯುತ್ತಿದ್ದರು. ಕೊನೆಯ ಭಾಗದವರಿಗೆ ನೀರಿನ ಬದಲು ನನ್ನ ಪತ್ರ ತಲುಪುತ್ತಿತ್ತು. 'ತಮ್ಮ ಮನವಿಯು ಪರಿಶೀಲನೆಯಲ್ಲಿದೆ' ಎಂಬ ವಾಕ್ಯವನ್ನು ನಾನು ಬರೆದಷ್ಟು ಸಲ ಈ ಸೀಮೆಯಲ್ಲಿ ಬೇರೆ ಯಾರೂ ಬರೆದಿರಲಾರರು.

ನಾವು ನಿಜಾಮರ ಕಾಲದಿಂದ ಕ್ರೈಸ್ತರು. ನಮ್ಮಜ್ಜ ದೀಕ್ಷಾಸ್ನಾನ ತೆಗೆದುಕೊಂಡವರು. ಊರ ಹೊರಗೆ, ಹೊಲಗಳ ಅಂಚಿನಲ್ಲಿ ನಮ್ಮದೊಂದು ಸಣ್ಣ ಪ್ರಾರ್ಥನಾ ಮಂದಿರ. ಪಾಸ್ಟರರು ಯಾದಗಿರಿಯಿಂದ ಬರಬೇಕಾಗಿದ್ದರಿಂದ ಬಹಳ ಭಾನುವಾರಗಳಲ್ಲಿ ಸಭೆ ನಡೆಸುತ್ತಿದ್ದವರು ಹಿರಿಯರಾದ ಮೋಶೆಪ್ಪನವರು. ಪೋಸ್ಟ್ ಮಾಸ್ತರರಾಗಿ ನಿವೃತ್ತರಾದವರು. ದೇವರ ಮನೆಯಲ್ಲಿ ಕೆಮ್ಮುವವನನ್ನು ಅವರು, ಅಂಚೆಚೀಟಿ ಹಚ್ಚದ ಲಕೋಟೆಯನ್ನು ನೋಡುವ ಹಾಗೆ ನೋಡುತ್ತಿದ್ದರು. ಗೀತೆಯಾದ ಮೇಲೆ ದೀರ್ಘ ಮೌನ ಪ್ರಾರ್ಥನೆ. ಆಗ ಕೂಸು ಅತ್ತರೆ ತಾಯಿ ಹೊರಗೆ, ಬೆಂಚು ಕಿರುಗುಟ್ಟಿದರೆ ಮುಂದಿನ ವಾರ ಬಡಿಗ ಒಳಗೆ. ಆ ಮೌನ ಮುಗಿದ ಮೇಲೆ ವೇದಭಾಗ ಓದುವ ಗೌರವ ನನ್ನದು. ಅದಕ್ಕಾಗಿ ಮೊದಲ ಬೆಂಚಿನ ತುದಿಯಲ್ಲಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ವರ್ಷಾನುಗಟ್ಟಲೆ ಕೂತಿದ್ದೇನೆ. ಮನುಷ್ಯನಿಗೆ ಒಂದೊಂದು ಸಿಂಹಾಸನ ಇರುತ್ತದೆ, ನನ್ನದು ಅದು.

ರಕ್ತ ಕಂಡಾಗ ನಾನೇ ಪರೀಕ್ಷಿಸಿ, ಮೂಲವ್ಯಾಧಿ ಎಂದು ನಾನೇ ತೀರ್ಪು ಕೊಟ್ಟು, ಮಜ್ಜಿಗೆ, ಇಸಬಗೋಲು ಎಂದು ನಾನೇ ಚಿಕಿತ್ಸೆಯನ್ನೂ ನಡೆಸಿದೆ. ಇದರಲ್ಲಿ ವಿಶೇಷವೇನೆಂದರೆ ನನ್ನ ಹೆಂಡತಿ ರೂತಮ್ಮ ಸರಕಾರಿ ಆಸ್ಪತ್ರೆಯ ನರ್ಸು. ಸುತ್ತಲಿನ ಹಳ್ಳಿಗಳ ಅರ್ಧ ಕೂಸುಗಳು ಅವಳ ಕೈಯಲ್ಲೇ ಹುಟ್ಟಿದವು. ಎಲ್ಲರಿಗೂ ಅವಳು ಸಿಸ್ಟರ್‌ಬಾಯಿ. ಮನೆಯಲ್ಲೇ ವೈದ್ಯಕೀಯ ಇಲಾಖೆಯನ್ನಿಟ್ಟುಕೊಂಡು ಅದಕ್ಕೆ ತಿಳಿಯದ ಹಾಗೆ ಕಾಯಿಲೆ ಬೀಳುವುದು ಸುಲಭದ ಮಾತಲ್ಲ. ಒಂದು ದಿನ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನಿಂತು ಕರೆದಳು.

"ಏನ್ರಿ, ಇದು ಎಷ್ಟು ದಿನದಿಂದ ನಡದದ?"

"ಉಷ್ಣಾ ಆಗಿರಬೇಕು" ಎಂದೆ.

"ಉಷ್ಣಾ ನನಗ ಆಗಾಕತ್ಯಾದ ಈಗ. ಅಂಗಿ ಹಾಕ್ಕೊಳ್ರಿ."

ಯಾದಗಿರಿಯ ಡಾಕ್ಟರು ಒಂದು ಪರೀಕ್ಷೆ ಮಾಡಿದರು. ಅದರ ವಿವರ ಇಲ್ಲಿ ಬೇಡ. ಅದಾದ ಮೇಲೆ ಬಹಳ ಹೊತ್ತು ಡಾಕ್ಟರೂ ನಾನೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ ಎಂದರೆ ಸಾಕು. ಕೈ ತೊಳೆಯುತ್ತ ಅವರು ನನ್ನನ್ನು ಬಿಟ್ಟು ರೂತಮ್ಮನ ಜೊತೆ ಮಾತಾಡಿದರು. ಡಾಕ್ಟರು ರೋಗಿಯನ್ನು ಬಿಟ್ಟು ಬೇರೆಯವರ ಜೊತೆ ಮಾತಾಡಿದರೆ ಸುದ್ದಿ ಒಳ್ಳೆಯದಲ್ಲ ಎಂಬಷ್ಟು ಸರಕಾರಿ ಅನುಭವ ನನಗೂ ಇತ್ತು. ರೈಲಿನಲ್ಲಿ ಸೊಲ್ಲಾಪುರಕ್ಕೆ ಹೋದೆವು.

ಸೊಲ್ಲಾಪುರದ ಆ ಆಸ್ಪತ್ರೆಯಲ್ಲಿ ಕಾಯುವವರಿಗೆಂದು ಉದ್ದನೆಯ ಪಡಸಾಲೆಯಿತ್ತು. ಕನ್ನಡ, ಮರಾಠಿ, ತೆಲುಗು ಮೂರರಲ್ಲೂ ಜನ ನರಳುತ್ತಿದ್ದರು. ಯಾರೂ ಯಾರ ಕಾಯಿಲೆಯನ್ನೂ ಕೇಳುತ್ತಿರಲಿಲ್ಲ, ಊರು ಮಾತ್ರ ಕೇಳುತ್ತಿದ್ದರು. ಅದೊಂದು ದೊಡ್ಡ ದಯೆ ಎಂದು ನನಗೆ ಅಲ್ಲಿ ಗೊತ್ತಾಯಿತು. ಬುತ್ತಿ ಬಿಚ್ಚಿದವರೆಲ್ಲ ಅಕ್ಕಪಕ್ಕದವರಿಗೆ ಒಂದೊಂದು ರೊಟ್ಟಿ ಚೂರು ಚಾಚುತ್ತಿದ್ದರು. ತಿನ್ನುವ ಮನಸ್ಸು ಯಾರಿಗೂ ಇರಲಿಲ್ಲ, ಬೇಡವೆನ್ನುವ ಮನಸ್ಸೂ ಇರಲಿಲ್ಲ.

ತುಣುಕು ತೆಗೆದು ಪರೀಕ್ಷೆ ಮಾಡಿಸಿದ ಮೇಲೆ ಶಸ್ತ್ರಚಿಕಿತ್ಸೆಯ ಡಾಕ್ಟರು ಎದುರಿಗೆ ಕೂರಿಸಿಕೊಂಡು ಹೇಳಿದರು. ಕ್ಯಾನ್ಸರು. ಕರುಳಿನ ಕಟ್ಟಕಡೆಯಲ್ಲಿದೆ. ಇನ್ನೂ ಹರಡಿದ ಹಾಗೆ ಕಾಣುವುದಿಲ್ಲ. ಈ ತಿಂಗಳೊಳಗೆ ತೆಗೆದರೆ ಬದುಕುವ ಭರವಸೆ ಚೆನ್ನಾಗಿದೆ, ಬಿಟ್ಟರೆ ಇಲ್ಲ.

"ಆದ್ರ ಒಂದು ಮಾತು" ಎಂದರು. "ಕೆಳಗಿನ ದಾರಿ ಕಾಯಂ ಮುಚ್ಚಬೇಕಾಗ್ತದ. ಹೊಟ್ಟಿ ಮ್ಯಾಲ ಒಂದು ದಾರಿ ಮಾಡಿ ಅದಕ್ಕೊಂದು ಚೀಲ ಕಟ್ತೀವಿ. ಜೀವನಪೂರ್ತಿ."

ಇಂಥ ಹೊತ್ತಿನಲ್ಲಿ ವಿವೇಕಿಯಾದವನು ಎಷ್ಟು ವರ್ಷ ಬದುಕುತ್ತೇನೆ ಎಂದು ಕೇಳಬೇಕು. ನಾನು ಕೇಳಿದ್ದು ಬೇರೆ.

"ಪ್ರಾರ್ಥನಿಗೆ ಕೂತಾಗ ಅದು ಸಪ್ಪಳಾ ಮಾಡ್ತದೇನ್ರಿ?"

ಡಾಕ್ಟರು ಕನ್ನಡಕ ತೆಗೆದರು. "ಮಾಡಬಹುದು. ಅದಕ್ಕ ಹೊತ್ತು ಗೊತ್ತಿಲ್ಲ. ನೀವು ತಡದ್ರ ತಡಿಯೂದಿಲ್ಲ."

ನಗುವವರು ನಗಲಿ. ಸಾವು ನನಗೆ ದೂರದ ಊರಿನ ಹಾಗೆ ಕಂಡಿತು. ಮೊದಲ ಬೆಂಚು ಕಣ್ಣೆದುರಿಗೇ ಇತ್ತು. ಆ ಮೌನದಲ್ಲಿ, ಮೋಶೆಪ್ಪನವರ ಮೂಗಿನ ನೇರಕ್ಕೆ, ನನ್ನ ಹೊಟ್ಟೆ ಭಾಷಣ ಮಾಡುವುದನ್ನು ನೆನೆಸಿಕೊಂಡೇ ಬೆವರಿದೆ. ಇಂಥ ಬಾಳಿಗಿಂತ ಸುಮ್ಮನೆ ಹೋಗಿಬಿಡುವುದು ಮೇಲಲ್ಲವೇ ಎಂದು ಹಿಂದಿರುಗುವ ರೈಲಿನಲ್ಲಿ ನಿಜವಾಗಿಯೂ ಯೋಚಿಸಿದೆ. ಒಬ್ಬ ಮನುಷ್ಯ ಸಪ್ಪಳಕ್ಕೆ ಹೆದರಿ ಸಾಯಲು ತಯಾರಾಗಬಲ್ಲ. ನಾನು ತಯಾರಾಗಿದ್ದೆ.

ಸುದ್ದಿ ಹಬ್ಬಿತು. ಮಾತಾಡಿಸಿಕೊಂಡು ಹೋಗಲು ಬಂದವರೆಲ್ಲ ಇದೇ ಕಾಯಿಲೆಯಿಂದ ಸತ್ತ ತಮ್ಮ ಕಡೆಯವರೊಬ್ಬರ ಕಥೆಯನ್ನು ಧೈರ್ಯ ತುಂಬಲು ಹೇಳಿ ಹೋದರು. ಹತ್ತಿಕುಣಿಯಿಂದ ಬಂದ ನಮ್ಮಕ್ಕ, ನಾನು ಹೋದ ಮೇಲೆ ಅಳುವುದಕ್ಕೆ ಇಡಬೇಕಾದದ್ದನ್ನೂ ಮೊದಲೇ ಅತ್ತುಬಿಟ್ಟಳು. ರೂತಮ್ಮ ಮಾತ್ರ ಅಳಲಿಲ್ಲ. ಚೀಲದ ಬಾಯಿಗೆ ಹಾಕುವ ರಬ್ಬರಿನ ಬಳೆ ಎಲ್ಲಿ ಸಿಗುತ್ತದೆ ಎಂದು ವಿಚಾರಿಸುತ್ತಿದ್ದಳು. ಅದು ನನಗೆ ಅಳುವಿಗಿಂತ ಭಯ ಹುಟ್ಟಿಸಿತು.

ಈಗ ನಮ್ಮ ಸಭೆಯ ಒಂದು ಪದ್ಧತಿಯನ್ನು ಹೇಳಬೇಕು. ನಮ್ಮಲ್ಲಿ ದೊಡ್ಡ ನಿರ್ಧಾರಗಳನ್ನು ಮನುಷ್ಯ ಒಬ್ಬನೇ ಮಾಡುವುದಿಲ್ಲ. ದೇವರ ಮುಂದೆ 'ಗುರುತು' ಇಡುತ್ತಾನೆ. ಹಿಂದಿನ ಕಾಲದ ಒಬ್ಬ ಭಕ್ತ ಕಣದಲ್ಲಿ ಉಣ್ಣೆ ಹಾಸಿ, ಇದು ಮಾತ್ರ ಇಬ್ಬನಿಯಲ್ಲಿ ನೆನೆದರೆ ಯುದ್ಧಕ್ಕೆ ಹೋಗುತ್ತೇನೆ ಎಂದನಲ್ಲ, ಅದೇ ಜಾಡು. ಭಾನುವಾರ ದೇವರ ಕೃಪೆಗೆ ಸಾಕ್ಷಿ ಹೇಳುವ ಹೊತ್ತಿಗೆ ಎದ್ದು ನಿಂತು, 'ಸ್ವಾಮೀ, ಇಂತಿಂಥದ್ದು ಆದರೆ ಇದು ನಿನ್ನ ಚಿತ್ತ' ಎಂದು ಎಲ್ಲರ ಎದುರು ಹೇಳಬೇಕು. ಒಮ್ಮೆ ಹೇಳಿದರೆ ಹಿಂದೆಗೆಯುವಂತಿಲ್ಲ. ನೇಮ ಒಂದೇ: ಗುರುತು ಇಟ್ಟವನು ಅದಕ್ಕೆ ಕೈ ಹಚ್ಚಬಾರದು. ಹೀಗೆ ಗುರುತು ಇಟ್ಟು ನಮ್ಮಲ್ಲಿ ಮಗಳನ್ನು ಕೊಟ್ಟವರಿದ್ದಾರೆ, ಮನೆ ಕಟ್ಟಿದವರಿದ್ದಾರೆ. ಒಬ್ಬ ಮೇಷ್ಟ್ರು, ಸೋಮವಾರ ಬೆಳಿಗ್ಗೆ ಮೊದಲು ಎದುರಾಗುವವನು ಟೋಪಿ ಹಾಕಿದ್ದರೆ ವರ್ಗಾವಣೆ ಒಪ್ಪುತ್ತೇನೆ ಎಂದು ಗುರುತು ಇಟ್ಟು, ಎದುರಾದ ಪೊಲೀಸಿನ ದೆಸೆಯಿಂದ ಗುರುಮಠಕಲ್ಲಿಗೆ ಹೋಗಿ ಅಲ್ಲಿ ಸುಖವಾಗಿಯೇ ಇದ್ದಾರೆ.

ಮುಂದಿನ ಭಾನುವಾರ ನಾನು ಎದ್ದು ನಿಂತೆ. ಮಂದಿರದ ಹಿಂದೆ ಒಂದು ಕಾಲುವೆ ಇತ್ತು. ನಮ್ಮ ಇಲಾಖೆಯದೇ, ಒಂದು ಉಪಕಾಲುವೆಯ ಕಟ್ಟಕಡೆಯ ತುಂಡು. ತೋಡಿದಂದಿನಿಂದ ಅದರಲ್ಲಿ ನೀರು ಹರಿದದ್ದನ್ನು ಯಾರೂ ಕಂಡಿರಲಿಲ್ಲ. ಅದಕ್ಕೆ ಸಂಬಂಧಪಟ್ಟ ಅರ್ಜಿಗಳೆಲ್ಲ ನನ್ನ ಕೈಯಲ್ಲೇ ಪರಿಶೀಲನೆಯಲ್ಲಿದ್ದವು.

"ಸ್ವಾಮೀ" ಎಂದೆ, ಗಂಭೀರ ಧ್ವನಿಯಲ್ಲಿ, "ಇಂದಿಗೆ ಎರಡನೆಯ ಭಾನುವಾರದ ಆರಾಧನೆ ಮುಗಿಯುವುದರೊಳಗೆ ಈ ಹಿಂದಿನ ಕಾಲುವೆಗೆ ನೀರು ಬಂದರೆ ಆಪರೇಶನ್ನು ನಿನ್ನ ಚಿತ್ತವೆಂದು ತಿಳಿದು ಹೋಗುತ್ತೇನೆ. ಬಾರದಿದ್ದರೆ ಮನೆಯಲ್ಲೇ ಇರುತ್ತೇನೆ."

ಮಂದಿರದಲ್ಲಿ ಒಂದು ನರಳಿಕೆ ಎದ್ದಿತು. ಕೊನೆಯ ಭಾಗದಲ್ಲಿ ಹೊಲವಿದ್ದವರು ಅಲ್ಲಿ ಬಹಳ ಮಂದಿ ಇದ್ದರು; ಆ ಕಾಲುವೆಯ ಗುಣ ಅವರಿಗೆ ಗೊತ್ತಿತ್ತು. ಮೋಶೆಪ್ಪನವರು ಕೆಮ್ಮಿದರು. ಅವರು ಕೆಮ್ಮಿದ್ದನ್ನು ಅಂದೇ ಮೊದಲು ಕೇಳಿದ್ದು.

ಮನೆಯ ದಾರಿಯಲ್ಲಿ ರೂತಮ್ಮ ನಾಲ್ಕು ಹೆಜ್ಜೆ ಮುಂದೆ ನಡೆಯುತ್ತಿದ್ದಳು. ತಿರುಗಿ ನಿಂತಳು.

"ನೀವು ದೇವರನ್ನ ಕೇಳಾಕತ್ತೀರೋ, ದೇವರ ಕೈಕಾಲು ಕಟ್ಟಿ ಹಾಕಾಕತ್ತೀರೋ?"

"ದೇವರಿಗೆ ಅಸಾಧ್ಯವಾದದ್ದು ಏನೂ ಇಲ್ಲ" ಎಂದೆ.

"ದೇವರಿಗಿ ಇಲ್ಲ ಬಿಡ್ರಿ. ನಿಮ್ಮ ಇಲಾಖಿಗಿ ಅದ."

ಅವಳು ಅಂದು ಸಾಯಂಕಾಲದವರೆಗೆ ಮಾತಾಡಲಿಲ್ಲ. ಅಡುಗೆ ಮನೆಯಲ್ಲಿ ಪಾತ್ರೆಗಳು ಮಾತಾಡಿದವು.

ಆ ವಾರದ ನಡುವೆ ಬಸನಗೌಡರು ಬಂದರು. ಕಾಲುವೆಯ ಮೇಲ್ಭಾಗದಲ್ಲಿ ಭತ್ತ ಬೆಳೆಯುವವರಲ್ಲಿ ದೊಡ್ಡವರು. ಕೊರಳಲ್ಲಿ ಲಿಂಗ, ಹೆಗಲ ಮೇಲೆ ಟವೆಲು, ಯಾವ ಮಾತನ್ನೂ ಮೆಲ್ಲಗೆ ಆಡಿ ಗೊತ್ತಿಲ್ಲ. ಅವರ ಮೇಲೆ ಬಂದಿದ್ದ ದೂರುಗಳನ್ನು ನಾನು ಎಷ್ಟೋ ಸಲ ಕಟ್ಟಿ ಕಪಾಟಿಗೆ ಹಾಕಿದ್ದೆ, ಹೀಗಾಗಿ ಒಂದು ಬಗೆಯ ಸ್ನೇಹವಿತ್ತು. ಹೊಸ್ತಿಲು ದಾಟುತ್ತಲೇ ಕೇಳಿದರು.

"ಏನ್ರಿ ಸಾಹೇಬ್ರ, ನಿಮ್ಮ ದೇವ್ರಿಗಿ ಬ್ಯಾರೆ ಕೆಲಸಿಲ್ಲೇನು? ನಮ್ಮ ಕೆನಾಲಿಗಿ ಯಾಕ ಬಂದಾನ?"

"ನಿಮಗ್ಯಾರು ಹೇಳಿದ್ರು ಗೌಡ್ರ?"

"ಯಾರು ಹೇಳ್ಯಾರ! ಸುರಪುರ ಸಂತ್ಯಾಗ ಬದನಿಕಾಯಿ ಮಾರಾಕಿ ಹೇಳಿದ್ಳು. 'ಹೆಡ್ ಕ್ಲರ್ಕ್ ಸಾಹೇಬ ಸಾಯಾಕತ್ಯಾನ, ನೀವು ನೀರು ಬಿಟ್ರ ಉಳೀತಾನಂತ, ನೀವು ಬಿಡವಲ್ಲಿರಂತಲ್ಲ ಗೌಡ್ರ' ಅಂತ. ಮಂದ್ಯಾಗ! ಮುಖಕ್ಕ ಹೊಡದಾಂಗ ಆಯ್ತು ನನಗ."

"ಹಂಗಲ್ರಿ ಅದು. ಅದು ಪ್ರಾರ್ಥನಿ ವಿಷಯ."

"ನಿಮಗ ಪ್ರಾರ್ಥನಿ. ನಮಗ ಖೂನಿ ಕೇಸು! ನಾಳಿಗಿ ನಿಮಗೇನರ ಆಗ್ಲಿ, 'ಬಸನಗೌಡನ ತೂಬಿನ ಸಲುವಾಗಿ ಸತ್ತ' ಅಂತ ನನ್ನ ಮೊಮ್ಮಕ್ಕಳ ಕಾಲದ ತನಕ ಅಂತಾರ."

ರೂತಮ್ಮ ಚಹಾ ತಂದಿಟ್ಟಳು. "ಗೌಡ್ರ, ನಿಮ್ಮ ಮೊಮ್ಮಗಳು ಹ್ಯಾಂಗದಾಳ? ಹಾಲು ಛಲೋ ಕುಡೀತಾಳಿಲ್ಲ?"

"ಕುಡೀತಾಳ್ರಿ ಬಾಯಿ" ಎಂದರು ಗೌಡರು, ಒಮ್ಮೆಲೇ ಮೆತ್ತಗಾಗಿ. ಆ ಕೂಸು ಅಡ್ಡ ತಿರುಗಿದ್ದಾಗ ಮಳೆಯಲ್ಲಿ ಚಕ್ಕಡಿಯ ಮೇಲೆ ಹೋಗಿ ಹೆರಿಗೆ ಮಾಡಿಸಿದವಳು ಅವಳೇ. ಅಷ್ಟು ಕೇಳಿ ಆಕೆ ಒಳಗೆ ಹೋದಳು. ಗೌಡರು ಚಹಾದ ಬಸಿಯನ್ನು ಬಹಳ ಹೊತ್ತು ನೋಡಿದರು.

ನಾನು ಗಾಬರಿಯಾದೆ. "ನೋಡ್ರಿ ಗೌಡ್ರ, ನೀವು ಏನೂ ಮಾಡಬ್ಯಾಡ್ರಿ. ಕೈ ಹಚ್ಚಬಾರ್ದು ಅಂತ ನೇಮ ಅದ."

"ನಾನೇನು ಮಾಡ್ಲಿ? ಕೆನಾಲಿನ ಮ್ಯಾಲಿನವ್ರೆಲ್ಲ ನನ್ನ ಮಾತು ಕೇಳೂದಾಗಿದ್ರ ನಾನು ಎಮ್ಮೆಲ್ಲೆ ಆಗಿರ್ತಿದ್ದೆ" ಎಂದು ಎದ್ದು ಹೋದರು. ಆ ಮಾತು ನನಗೆ ಸಮಾಧಾನ ಕೊಟ್ಟಿತು. ಮೇಲ್ಭಾಗದ ರೈತರು ಒಮ್ಮತಕ್ಕೆ ಬಂದು ತೂಬು ಮುಚ್ಚುವುದು, ನಮ್ಮ ಇಂಜಿನಿಯರರು ಪೊಲೀಸರೊಂದಿಗೆ ಹೋಗಿಯೂ ಸಾಧಿಸಲಾರದ್ದು.

ನಾನು ಹೇಳಿದ್ದ ಭಾನುವಾರ ಬಂತು. ಒಳಗೆ ಹೋಗುವ ಮುಂಚೆ ಕಾಲುವೆಗೆ ಇಣುಕಿದೆ. ಬಿರುಕು ಬಿಟ್ಟ ಹೂಳು, ಒಣಗಿದ ಜಾಲಿ ಟೊಂಗೆ, ನಡುವೆ ಒಂದು ಆಡು ಆರಾಮಾಗಿ ಮಲಗಿ ಮೆಲುಕು ಹಾಕುತ್ತಿತ್ತು. ನನ್ನ ಮನಸ್ಸಿಗೂ ಅದೇ ಆರಾಮ ಬಂತು. ಇನ್ನು ಬದುಕುವ ಪ್ರಶ್ನೆಯಿಲ್ಲ ಎಂದು ತಿಳಿದವನ ಆರಾಮ ಅದು.

ಮೊದಲ ಗೀತೆ, ಮೌನ ಪ್ರಾರ್ಥನೆ, ನನ್ನ ಓದು, ಎಲ್ಲ ಆಯಿತು. ಮೋಶೆಪ್ಪನವರು ತಾಳ್ಮೆಯ ಬಗ್ಗೆ ಪ್ರಸಂಗ ಶುರುಮಾಡಿ ನಮ್ಮ ತಾಳ್ಮೆಯನ್ನು ಪರೀಕ್ಷಿಸುತ್ತಿದ್ದಾಗ, ಆ ಆಡು ಬಾಗಿಲಲ್ಲಿ ಬಂದು ನಿಂತು ಅರಚಿತು. ಎಲ್ಲರೂ ತಿರುಗಿದರು. ಅದರ ನಾಲ್ಕೂ ಕಾಲು ಒದ್ದೆಯಾಗಿದ್ದವು.

ಮಂದಿರ ಖಾಲಿಯಾಗಲು ಎಷ್ಟು ಹೊತ್ತು ಹಿಡಿಯಿತೋ ತಿಳಿಯದು. ಮೋಶೆಪ್ಪನವರು ಕೂಡ ಪ್ರಸಂಗವನ್ನು ಅರ್ಧಕ್ಕೆ ಬಿಟ್ಟು, ಧೋತರ ಎತ್ತಿಕೊಂಡು ನಡೆದರು. ಮೊದಲ ಬೆಂಚಿನಲ್ಲಿ ನಾನೊಬ್ಬನೇ. ಹಿಂದಿನ ಕಿಟಕಿಯಿಂದ ಒಂದು ಸದ್ದು, ಸಾವಿರ ಜನ ಒಟ್ಟಿಗೆ ಅಕ್ಕಿ ಕೇರಿದ ಹಾಗೆ. ಸ್ವಲ್ಪ ಹೊತ್ತಿಗೆ ರೂತಮ್ಮ ಒಳಗೆ ಬಂದಳು. ಸೀರೆಯ ಅಂಚು ಮೊಣಕಾಲತನಕ ನೆನೆದಿತ್ತು. ಅದನ್ನು ನನ್ನ ಎದುರಿಗೇ ಹಿಂಡಿದಳು.

"ಏಳ್ರಿ. ಟಿಕೀಟು ತಗಸಬೇಕು."

ಹೊರಗೆ ಬಂದೆ. ಕಂದು ನೊರೆ, ಜಾಲಿ ಎಲೆ, ಯಾರದೋ ಒಂಟಿ ಚಪ್ಪಲಿ, ಎಲ್ಲವನ್ನೂ ದೂಡಿಕೊಂಡು ನೀರು ಬರುತ್ತಿತ್ತು. ದಂಡೆಯ ಮೇಲೆ, ನೀರಿನ ತಲೆಯ ಜೊತೆಗೇ ನಡೆದು ಬಂದವರಂತೆ, ಬಸನಗೌಡರೂ ಸಲಿಕೆ ಹಿಡಿದ ನಾಲ್ಕಾರು ಮಂದಿಯೂ ಕೆಸರು ಕಾಲಲ್ಲಿ ನಿಂತಿದ್ದರು. ದಾರಿಯುದ್ದಕ್ಕೂ ಯಾರೂ ತೂಬು ತೆರೆಯದ ಹಾಗೆ ಕಾದುಕೊಂಡು ಬಂದಿದ್ದರು.

ನಾನು ಕೂಡಲೇ ಆಕ್ಷೇಪಣೆ ಎತ್ತಿದೆ. ಹೆಡ್ ಕ್ಲರ್ಕನಿಗೆ ಅದು ಉಸಿರಾಟವಿದ್ದಂತೆ.

"ಇದು ಲೆಕ್ಕಕ್ಕ ಬರೂದಿಲ್ಲ. ಇದು ದೇವರು ಬಿಟ್ಟ ನೀರಲ್ಲ, ಗೌಡ್ರು ಬಿಟ್ಟಿದ್ದು. ಗುರುತಿಗೆ ಕೈ ಹಚ್ಚಬಾರ್ದು ಅಂತ ನೇಮ ಅದ."

ಎಲ್ಲರೂ ಮೋಶೆಪ್ಪನವರ ಕಡೆ ನೋಡಿದರು. ಅವರು ನೀರನ್ನು ನೋಡಿದರು, ಆಡನ್ನು ನೋಡಿದರು, ಆಮೇಲೆ ನನ್ನನ್ನು.

"ಇಟ್ಟವ ಕೈ ಹಚ್ಚಬಾರ್ದು ಅಂತ ಅದ. ದೇವರು ಬ್ಯಾರೆಯವರ ಕೈ ಹಚ್ಚಿಸಬಾರ್ದು ಅಂತ ಎಲ್ಲಿ ಅದ?"

"ನೋಡ್ರಿ ಹಿರಿಯರ" ಎಂದರು ಬಸನಗೌಡರು, ಟವೆಲಿನಿಂದ ಕತ್ತು ಒರೆಸಿಕೊಳ್ಳುತ್ತ. "ನಿಮ್ಮ ದೇವ್ರ ಸುದ್ದಿ ನನಗ ತಿಳಿಯೂದಿಲ್ಲ. ನಮ್ಮ ಮ್ಯಾಲಿನ ಮಂದಿ ನನಗ ಗೊತ್ತು. ಅಣ್ಣ ತಮ್ಮ ಸತ್ರೂ ತೂಬು ಮುಚ್ಚೂ ಪೈಕಿ ಅಲ್ಲ. ಮನಿ ಮನಿಗಿ ಹೋಗಿ, 'ಸಿಸ್ಟರ್‌ಬಾಯಿ ಗಂಡ' ಅಂದೆ. ಒಬ್ಬೊಬ್ಬನೇ ಎದ್ದು ಹೋಗಿ ಮುಚ್ಚಿ ಬಂದ. ಇದನ್ನ ದೇವ್ರು ಮಾಡಿಲ್ಲಂದ್ರ ಮತ್ತ್ಯಾರು ಮಾಡ್ಯಾರ? ನನ್ನ ಕೈಲಿಂದ ಆಗೂ ಕೆಲಸಲ್ಲ ಇದು."

ನನ್ನ ಜೀವದ ವಿಷಯ ಅಲ್ಲಿಗೆ ಇತ್ಯರ್ಥವಾಯಿತು. ಆ ನೀರು ಯಾರ ಹೊಲಕ್ಕೆ ಮೊದಲು ಎಂಬ ಜಗಳ ಮಾತ್ರ ಮಧ್ಯಾಹ್ನವಾದರೂ ಮುಗಿಯಲಿಲ್ಲ.

ಗುರುತು ನನ್ನನ್ನು ಸೊಲ್ಲಾಪುರದ ವಾರ್ಡಿನ ತನಕ ಮುಟ್ಟಿಸಿತು. ಅದರಿಂದಾಚೆಗೆ ಅದರ ಅಧಿಕಾರ ನಡೆಯಲಿಲ್ಲ. ಕಬ್ಬಿಣದ ಮಂಚದ ಮೇಲೆ ಕೂತಾಗ ಹಳೆಯ ಹೆದರಿಕೆ ತನ್ನ ಹಾಸಿಗೆ ಬಿಚ್ಚಿಕೊಂಡು ಪಕ್ಕದಲ್ಲೇ ಕೂತಿತು. ಎದುರಿನ ಮಂಚದಲ್ಲಿ ದೊಡ್ಡ ಮೀಸೆಯ ನಿವೃತ್ತ ಹವಾಲ್ದಾರರೊಬ್ಬರು ಬೇರೇನೋ ಸಣ್ಣ ತೊಂದರೆಗೆ ಬಂದು ಸೇರಿದ್ದರು.

"ನಿಮ್ದೂ ಪಾಕೀಟಿನ ಆಪರೇಶನ್ನೇನ್ರಿ?" ಎಂದು ಚೀಲವನ್ನು ಉದ್ದೇಶಿಸಿ ಕೇಳಿದರು, ಪಡಸಾಲೆಗೆಲ್ಲ ಕೇಳುವ ಹಾಗೆ. "ನಂದೂ ಅದ. ಭಾಳ ವರ್ಷ ಆತು. ಪಾಕೀಟು ಕಟ್ಕೊಂಡ ಮ್ಯಾಲ ಇಬ್ಬರು ಹೆಣ್ಮಕ್ಕಳ ಲಗ್ನ ಮಾಡೇನಿ."

ಸುತ್ತ ನೋಡಿ, ಧ್ವನಿ ತಗ್ಗಿಸಿ ಕೇಳಿದೆ. "ಸಪ್ಪಳಾ ಮಾಡ್ತದೇನ್ರಿ?"

"ಅಕ್ಷತಿ ಹೊತ್ತಿಗೇ ಮಾಡ್ತು!"

"ಆಗ ಏನು ಮಾಡಿದ್ರಿ?"

"ಬ್ಯಾಂಡಿನವ್ರಿಗೆ 'ಜೋರ್ ಬಾರಸ್ರೋ' ಅಂದೆ."

"ನಮ್ಮ ದೇವರ ಮನ್ಯಾಗ ಬ್ಯಾಂಡಿಲ್ರಿ. ಎಲ್ಲಾರ ಸುಮ್ಮನ ಕೂಡ್ತಾರ."

ಹವಾಲ್ದಾರರು ಮೀಸೆ ತೀಡುತ್ತ ಬಹಳ ಯೋಚಿಸಿದರು. "ಹಂಗಾದ್ರ ಕಠಿಣ ಅದ" ಎಂದು ಪ್ರಾಮಾಣಿಕವಾಗಿ ಒಪ್ಪಿಕೊಂಡರು. ನನ್ನ ಕಷ್ಟವನ್ನು ಕಷ್ಟವೆಂದು ಒಪ್ಪಿದ ಮೊದಲ ಮನುಷ್ಯ ಅವರು. ಆ ಮಾತು ನನಗೆ ಎಲ್ಲ ಸಮಾಧಾನಗಳಿಗಿಂತ ಹಿತವಾಯಿತು.

ಮರುದಿನ ಬೆಳಿಗ್ಗೆ ನರ್ಸು ಒಪ್ಪಿಗೆಯ ಕಾಗದ ತಂದಿಟ್ಟು, ಸಹಿ ಮಾಡಿಡಿ, ಬಂದು ಒಯ್ಯುತ್ತೇನೆ ಎಂದು ಹೋದಳು. ಪೆನ್ನು ಹಿಡಿದು ತಲೆ ಮೇಲಿನ ಫ್ಯಾನನ್ನು ನೋಡುತ್ತ ಕೂತೆ.

"ಮತ್ತ ಗುರುತು ಇಡಾಕತ್ತೀರೇನು?" ಎಂದಳು ರೂತಮ್ಮ. "ಫ್ಯಾನು ನಿಂತ್ರ ಒಂದು, ತಿರುಗಿದ್ರ ಒಂದು?"

ಅದನ್ನೇ ಯೋಚಿಸುತ್ತಿದ್ದೆ. ಮೂವತ್ತು ವರ್ಷ ಸಂಸಾರ ಮಾಡಿದವಳಿಂದ ಏನನ್ನು ಮುಚ್ಚಿಡುವುದು.

"ಹೆದರಿಕಿ ಆಗ್ಯಾದ, ರೂತಾ" ಎಂದೆ. ಆ ಕಾಯಿಲೆ ಶುರುವಾದಾಗಿನಿಂದ ಆ ಮಾತನ್ನು ಯಾರಿಗೂ ಹೇಳಿರಲಿಲ್ಲ.

ಅವಳು ಮಂಚದ ಮೇಲೆ ಪಕ್ಕಕ್ಕೆ ಕೂತಳು. "ನನಗೂ ಆಗ್ಯಾದ" ಎಂದಳು. ಆಗ ಅತ್ತಳು. ಅಷ್ಟು ದಿನ ರಬ್ಬರಿನ ಬಳೆ ಹುಡುಕುತ್ತಿದ್ದವಳು, ಮೂಗು ಸೊರಗುಟ್ಟಿಸುತ್ತ ಅತ್ತಳು. ನಾನು ಸುಮ್ಮನೆ ಅವಳ ಕೈ ಹಿಡಿದುಕೊಂಡೆ.

ಜೀವನವಿಡೀ ನಾನು ದೇವರಿಗೆ ಅರ್ಜಿ ಹಾಕಿದ್ದೆ. ಇಂತಿಷ್ಟರೊಳಗೆ, ಇಂಥ ರೀತಿಯಲ್ಲಿ, ಮೇಲಿನಿಂದ ಲಿಖಿತ ಆದೇಶ ಬರಲಿ ಎಂದು. ಆದೇಶ ಬಂದರೆ ಜವಾಬ್ದಾರಿ ನನ್ನದಲ್ಲ ನೋಡಿ. ಅಂದು ಆ ಮಂಚದ ಮೇಲೆ ಷರತ್ತುಗಳೆಲ್ಲ ಮುಗಿದಿದ್ದವು. ಗಟ್ಟಿಯಾಗಿಯೇ, ಮನೆಯ ಮಾತಿನಲ್ಲೇ ಹೇಳಿದೆ: "ಸ್ವಾಮೀ, ನನಗ ಬದುಕಬೇಕು ಅನಸ್ಯಾದ. ನಾನು ಸಹಿ ಮಾಡಾಕತ್ತೇನಿ. ಸಪ್ಪಳದ ಸಂಗತಿ ನೀನು ನೋಡ್ಕೋ." ರೂತಮ್ಮ ಆಮೆನ್ ಎಂದಳು. ಸಹಿ ಮಾಡಿದೆ. ಫ್ಯಾನು ತಿರುಗುತ್ತಿತ್ತೋ ನಿಂತಿತ್ತೋ ಇಂದಿಗೂ ಗೊತ್ತಿಲ್ಲ.

ಶಸ್ತ್ರಚಿಕಿತ್ಸೆಯ ಬಗ್ಗೆ ಹೇಳಲು ನನ್ನಲ್ಲಿ ಏನೂ ಇಲ್ಲ; ಅಲ್ಲಿ ಇಲ್ಲದಿದ್ದವನು ನಾನೊಬ್ಬನೇ. ಎಚ್ಚರವಾದಾಗ ನೋವಿತ್ತು, ಬಾಯಾರಿಕೆಯಿತ್ತು, ತುಟಿಗೆ ಒದ್ದೆ ಹತ್ತಿ ಒತ್ತುವ ರೂತಮ್ಮನ ಬೆರಳಿತ್ತು. ಕೆಲವು ದಿನಗಳ ಮೇಲೆ ಹೊಟ್ಟೆಯ ಹೊಸ ದಾರಿ ಮೊದಲ ಬಾರಿಗೆ ಬಾಯಿಬಿಟ್ಟಿತು. ನರ್ಸು ಚಪ್ಪಾಳೆ ತಟ್ಟಿದಳು, ಡಾಕ್ಟರು ಬೆನ್ನು ಚಪ್ಪರಿಸಿದರು, ಹವಾಲ್ದಾರರು ಎದುರಿನ ಮಂಚದಿಂದ ಸಲಾಮು ಹೊಡೆದರು. ಕರುಳು ಕೆಲಸ ಶುರುಮಾಡಿತು ಎಂಬುದರ ಗುರುತಂತೆ ಅದು. ಒಬ್ಬ ಮನುಷ್ಯನ ವಾಯು ಹೊರಟಿತೆಂದು ಇಷ್ಟು ಜನ ಸಂತೋಷಪಟ್ಟದ್ದನ್ನು ನಾನು ಮತ್ತೆಲ್ಲೂ ಕಂಡಿಲ್ಲ. ರೂತಮ್ಮ "ಸ್ತೋತ್ರ" ಎಂದಳು.

ಮನೆಗೆ ಬಂದ ಮೇಲೆ ಪಾಠಗಳು. ಹೆಸರುಕಾಳು ಶತ್ರು, ಮೂಲಂಗಿ ಮಹಾಶತ್ರು, ಮೊಸರನ್ನ ಪರಮಮಿತ್ರ. ಎರಡು ಅಂಗಿ, ಒಂದು ಕಂಬಳಿ ಬಲಿಯಾದವು. ಒಮ್ಮೆ ಶಹಾಪುರದ ಬಸ್ಸಿನಲ್ಲಿ ಚೀಲ ಸಡಿಲಾಗಿ, ನಡುದಾರಿಯಲ್ಲಿ ಇಳಿದು, ತೊಗರಿ ಹೊಲದಲ್ಲಿ ಕೂತು ಅತ್ತಿದ್ದೇನೆ. ಇದನ್ನೂ ಬರೆಯಬೇಕು, ಹೊಸದಾಗಿ ಈ ದಾರಿಗೆ ಬಂದವರು ತಾವೊಬ್ಬರೇ ಹೀಗೆ ಅತ್ತದ್ದು ಎಂದುಕೊಳ್ಳಬಾರದು. ದಿನ ಕಳೆದಂತೆ ಕೈ ಪಳಗಿತು. ಕಚೇರಿಗೆ ಹೋದೆ. ಮಂದಿರಕ್ಕೆ ಮಾತ್ರ ಹೋಗಲಿಲ್ಲ. ಮನೆಯಲ್ಲೇ ಪ್ರಾರ್ಥನೆ ಮಾಡುತ್ತೇನೆ ಎಂದೆ. ರೂತಮ್ಮ ಒತ್ತಾಯ ಮಾಡಲಿಲ್ಲ. ತಿಂಗಳುಗಳು ಹೋದವು.

ಒಂದು ಶನಿವಾರ ಮೋಶೆಪ್ಪನವರು ಬಂದರು. ಕುರ್ಚಿಯಲ್ಲಿ ಕೂತು ಚಹಾ ಕುಡಿದು, ಮಳೆಯ ಬಗ್ಗೆ ಮಾತಾಡಿ, ಎದ್ದು ನಿಂತ ಮೇಲೆ ಹೇಳಿದರು.

"ನಿಮ್ಮ ಬೆಂಚು ಖಾಲಿ ಅದ."

"ಬರ್ತೇನ್ರಿ" ಎಂದೆ, "ಹಿಂದ ಬಾಗಿಲ ಹತ್ರ ಕೂಡ್ತೇನಿ."

"ಹಿಂದಿನ ಬೆಂಚು ಕೂಸಿನ ತಾಯಂದಿರದು. ನಿಮಗ ಕೂಸದ ಏನು?"

ಅಷ್ಟೇ ಹೇಳಿ ಕೊಡೆ ತೆಗೆದುಕೊಂಡು ಹೋದರು.

ಮರುದಿನ ಹೋದೆ. ಬೆಳಿಗ್ಗೆಯಿಂದ ಬರೀ ಮೊಸರನ್ನ. ಅಂಗಿಯ ಕೆಳಗೆ ಹಳೆಯ ಧೋತರದ ಎರಡು ಸುತ್ತು. ಮೊದಲ ಬೆಂಚಿನ ತುದಿಯಲ್ಲಿ, ಮೊಟ್ಟೆಗಳ ಬುಟ್ಟಿ ಹೊತ್ತವನ ಹಾಗೆ ಕೂತೆ. ಗೀತೆ ಹಾಡಿದರು, ನಾನೂ ಜೋರಾಗಿ ಹಾಡಿದೆ, ಏನಿದ್ದರೂ ಈಗಲೇ ಮುಗಿಸಿಬಿಡು ಎಂದು ಹೊಟ್ಟೆಗೆ ಹೇಳುತ್ತ. ಅದು ಸುಮ್ಮನಿತ್ತು. ಗೀತೆ ಮುಗಿಯಿತು. ಎಲ್ಲರೂ ಕಣ್ಣು ಮುಚ್ಚಿದರು. ಮೌನ ಇಳಿಯಿತು, ಗೋಡೆಯ ಹಲ್ಲಿ ಕೂಡ ಮೋಶೆಪ್ಪನವರಿಗೆ ಹೆದರಿದಂಥ ಮೌನ.

ಆಗ ನನ್ನ ಹೊಟ್ಟೆ ಮಾತಾಡಿತು. ಸಣ್ಣದಾಗಿಯಲ್ಲ. ದೀರ್ಘವಾಗಿ, ಏರಿಳಿತಗಳೊಂದಿಗೆ, ಪೀಠಿಕೆ ಮತ್ತು ಉಪಸಂಹಾರ ಸಮೇತ.

ಯಾವುದಕ್ಕೆ ಹೆದರಿ ಸಾಯಲೂ ತಯಾರಾಗಿದ್ದೆನೋ ಅದು ಆಗಿಹೋಯಿತು. ಹಿಂದೆ ಬೆಂಚುಗಳು ಕಿರುಗುಟ್ಟಿದವು. ತಲೆಗಳು ಏಳುತ್ತಿವೆ ಎಂದು ತಿರುಗದೆಯೇ ಗೊತ್ತಾಯಿತು. ನಾನು ಕಣ್ಣು ತೆರೆದು, ಏನು ಬರುತ್ತದೋ ಬರಲಿ ಎಂದು ಮೋಶೆಪ್ಪನವರ ಕಡೆ ನೋಡಿದೆ. ಅವರು ಕಣ್ಣು ಮುಚ್ಚಿಯೇ ಇದ್ದರು.

"ಆಮೆನ್" ಎಂದರು, ಗಟ್ಟಿಯಾಗಿ.

ಒಂದು ಗಳಿಗೆ ಯಾರಿಗೂ ಏನು ಮಾಡಬೇಕೋ ತಿಳಿಯಲಿಲ್ಲ. ಆಮೇಲೆ ಹೆಂಗಸರ ಕಡೆಯಿಂದ ರೂತಮ್ಮನ ಧ್ವನಿ, ಅದರ ಹಿಂದೆ ಮತ್ತೊಂದು, ಮತ್ತೊಂದು, ಕೊನೆಗೆ ಹಿಂದಿನ ಬೆಂಚಿನ ತಾಯಂದಿರವರೆಗೆ ಎಲ್ಲರೂ ಆಮೆನ್ ಎಂದರು.

"ಇನ್ನೂ ಮುಗಿದಿಲ್ಲ" ಎಂದರು ಮೋಶೆಪ್ಪನವರು. "ಕಣ್ಣು ಮುಚ್ರಿ ಎಲ್ಲಾರು."

ಮುಚ್ಚಿದೆವು. ಮೌನ ಮತ್ತೆ ಮೊದಲಿನಿಂದ ಶುರುವಾಯಿತು. ಸ್ವಲ್ಪ ಹೊತ್ತಿಗೆ ನನ್ನ ಹೊಟ್ಟೆ ಇನ್ನೊಂದು ಮಾತು ಸೇರಿಸಿತು, ಚಿಕ್ಕದು. ಆ ಸಲ ಯಾರೂ ತಲೆಯೆತ್ತಲಿಲ್ಲ. ನಾನೂ ಎತ್ತಲಿಲ್ಲ. ಪ್ರಾರ್ಥನೆ ಮುಗಿದ ಮೇಲೆ ಎದ್ದು ನಿಂತು ಆ ದಿನದ ವೇದಭಾಗವನ್ನು ಓದಿದೆ.